ಈ ಬೇಸಿಗೆಗೆ ಮೋಟರ್ ಹೋಮ್ ಬುಕ್ ಮಾಡಿರುವ ಕನ್ನಡದವರಿಗೆ ಒಂದು ಬಹಿರಂಗ ಪತ್ರ

ಅಮೆರಿಕದಲ್ಲಿರುವ ಕನ್ನಡದ ಬಂಧುಗಳಿಗೆ ನಮಸ್ಕಾರ.

ಚಳಿ ಕಮ್ಮಿ ಆಗುತ್ತಿದ್ದ ಹಾಗೆ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಮಾತು. ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ. ಯೆಲ್ಲೊಸ್ಟೋನ್ ತೋರಿಸಬೇಕು. ಹೋಟೆಲ್ ಊಟ ಅಮ್ಮನಿಗೆ ಸೇರಲ್ಲ, ಅವರಿಗೆ ಒಲೆ ಬೇಕು. ಅಪ್ಪನಿಗೆ ರಾತ್ರಿ ಮೂರು ಸಲ ಏಳಬೇಕು, ಬಾತ್‌ರೂಮ್ ಹತ್ತಿರವೇ ಇರಬೇಕು. ಹಾಗಾಗಿ ಮೋಟರ್ ಹೋಮ್, ಅಂದರೆ ಒಳಗೇ ಮನೆ ಇರುವ ಗಾಡಿ. ದಿನಕ್ಕೆ ಎಷ್ಟು, ಮೈಲಿಗೆ ಎಷ್ಟು, ಓಡಿಸೋದು ಕಷ್ಟನಾ, ಟಾಯ್ಲೆಟ್ ಟ್ಯಾಂಕ್ ಯಾರು ಖಾಲಿ ಮಾಡಬೇಕು? ಎಲ್ಲ ಕೇಳುತ್ತಾರೆ. ಆ ಗಾಡಿಯ ಮೇಲೆ ರೀಕಾಲ್, ಅಂದರೆ ದೋಷ ಸರಿ ಮಾಡಿಕೊಡಲು ಕಂಪನಿಯೇ ಗಾಡಿ ವಾಪಸ್ ಕರೆದದ್ದು, ಇದೆಯಾ ಅಂತ ಕೇಳಿದವರನ್ನು ನಾನು ನೋಡಿಲ್ಲ. ಎರಡು ವರ್ಷದ ಹಿಂದೆ ನಾನೂ ಕೇಳಿರಲಿಲ್ಲ.

ಆಗ ನಾವು ಹಿಡಿದದ್ದು ಡ್ರೈವರ್ ತಲೆಯ ಮೇಲೆ ಮಂಚ ಇರುತ್ತಲ್ಲ, ಆ ಥರದ್ದು. ಇಲ್ಲಿ ಅದಕ್ಕೆ ಕ್ಲಾಸ್ ಸಿ ಅನ್ನುತ್ತಾರೆ. ಡೆನ್ವರ್ ಹತ್ತಿರದ ಒಬ್ಬ ನಿವೃತ್ತ ದಂಪತಿಯ ಸ್ವಂತ ಗಾಡಿ. ತುಂಬಾ ಒಳ್ಳೆಯ ಜನ. ಮಗಳಿಗೆ ಒಂದು ಕರಡಿ ಗೊಂಬೆ ಕೂಡ ಇಟ್ಟಿದ್ದರು. ನಾನು, ಹೆಂಡತಿ, 7 ವರ್ಷದ ಮಗಳು, ತಿಪಟೂರಿಂದ ಬಂದಿದ್ದ ಅಪ್ಪ ಅಮ್ಮ. ಮೂರನೇ ರಾತ್ರಿ ಯೆಲ್ಲೊಸ್ಟೋನ್ ಒಳಗಿನ ಫಿಶಿಂಗ್ ಬ್ರಿಡ್ಜ್‌ನಲ್ಲಿ ಗಾಡಿ ನಿಲ್ಲಿಸಿದೆವು. ಇಡೀ ಪಾರ್ಕಿನಲ್ಲಿ ಕರೆಂಟು, ನೀರು, ಚರಂಡಿ ಮೂರೂ ಸಿಗುವ ಜಾಗ ಅದೊಂದೇ. ಅಲ್ಲಿ ಟೆಂಟ್ ಹಾಕಲು ಬಿಡುವುದಿಲ್ಲ, ಗಟ್ಟಿ ಗೋಡೆಯ ಗಾಡಿಯೇ ಆಗಬೇಕು, ಯಾಕೆಂದರೆ ಕರಡಿಗಳು ಓಡಾಡುತ್ತವೆ. ಅಮ್ಮ ಇಡೀ ದಿನ ಕರಡಿಯದೇ ಚಿಂತೆ ಮಾಡುತ್ತಿದ್ದರು.

ಜುಲೈ ತಿಂಗಳಾದರೂ ಸಂಜೆಗೆ ಮೈ ನಡುಗುವ ಚಳಿ. ಗಾಡಿಯ ಗ್ಯಾಸ್ ಫರ್ನೇಸ್ ಶಬ್ದಕ್ಕೆ ನಿದ್ದೆ ಬರಲ್ಲ ಅಂತ ಅಮ್ಮ ಕರೆಂಟಿನ ಹೀಟರ್ ಹಾಕಿಸಿದರು. ಅದು 1500 ವ್ಯಾಟ್. ಪಕ್ಕದಲ್ಲಿ ಇನ್‌ಸ್ಟಂಟ್ ಪಾಟಿನಲ್ಲಿ ಬಿಸಿಬೇಳೆ ಬಾತ್, ಅದು 1000 ವ್ಯಾಟ್. ಅರ್ಧ ಗಂಟೆ ಆಗಿರಬಹುದು. ಅಮ್ಮ ಮೂಗು ಮುಚ್ಚಿಕೊಂಡು ಕಿಟಕಿ ಎಳೆದರು. "ಪಕ್ಕದವರು ಮೀನು ಹುರೀತಿದ್ದಾರೆ ಕಣೋ."

ನಾವೂ ನಂಬಿದೆವು. ಹೆಸರೇ ಫಿಶಿಂಗ್ ಬ್ರಿಡ್ಜ್ ಅಲ್ವಾ? ಆ ಸೇತುವೆಯ ಮೇಲೆ ನಿಂತು ಮೀನು ಹಿಡಿಯುವುದನ್ನು 1973ರಲ್ಲೇ ನಿಲ್ಲಿಸಿದ್ದಾರೆ, ಹೆಸರು ಮಾತ್ರ ಉಳಿದಿದೆ. ಆದರೆ ಪಕ್ಕದ ಸರೋವರದಲ್ಲಿ ಈಗಲೂ ಹಿಡಿಯಬಹುದು. ಹಾಗಾಗಿ ಅಮ್ಮನ ಮಾತಲ್ಲಿ ತಪ್ಪೇನೂ ಕಾಣಲಿಲ್ಲ.

ಅಪ್ಪ ಹಿಂದಿನ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಅವರು ಕೆಇಬಿಯಲ್ಲಿ 30 ವರ್ಷ ದುಡಿದವರು. ಲೈನ್‌ಮನ್ ಆಗಿ ಸೇರಿದ್ದು. ಆಮೇಲೆ ಇಲಾಖೆಯ ಹೆಸರು ಏನೇನೋ ಆಯಿತು, ಅವರ ಬಾಯಲ್ಲಿ ಮಾತ್ರ ಇವತ್ತಿಗೂ ಕೆಇಬಿಯೇ. ತಟ್ಟನೆ ಎದ್ದು ನಿಂತರು. "ಲೋ, ಮೀನಲ್ಲ ಇದು. ವೈರು ಸುಡ್ತಿದೆ. ಮೊದ್ಲು ಮೇನ್ ಆಫ್ ಮಾಡು."

ಒಳಗಿನ ಮೇನ್ ಬ್ರೇಕರ್ ಇಳಿಸಿದೆ. ಹೊರಗೆ ಹೋಗಿ, ಗಾಡಿಗೆ ಕರೆಂಟು ಕೊಡುವ ಕಂಬದ ಬ್ರೇಕರ್ ಇಳಿಸಿ ಪ್ಲಗ್ ಕಿತ್ತೆ. ಅಪ್ಪ ಅಷ್ಟರಲ್ಲಿ ಮಂಚದ ಹಲಗೆ ಎತ್ತಿ, ಮೊಬೈಲ್ ಟಾರ್ಚಿನಲ್ಲಿ ಮೂಗಿನಿಂದಲೇ ಜಾಗ ಹುಡುಕುತ್ತಿದ್ದರು. ಮಂಚದ ಕೆಳಗೆ ಶೂ ಪೆಟ್ಟಿಗೆಯಷ್ಟು ದೊಡ್ಡ ಒಂದು ಡಬ್ಬ. ಅದು ಟ್ರಾನ್ಸ್‌ಫರ್ ಸ್ವಿಚ್. ಕಂಬದ ಕರೆಂಟು ಬೇಕಾ, ಜನರೇಟರ್ ಕರೆಂಟು ಬೇಕಾ ಅಂತ ಬದಲಾಯಿಸುವ ಸಾಧನ. ಮುಚ್ಚಳ ಮುಟ್ಟಿದರೆ ಕೈ ಸುಡುತ್ತಿತ್ತು. ಆರಿದ ಮೇಲೆ ತೆಗೆದು ನೋಡಿದರೆ ಒಳಗೆ ಬಿಳಿ ವೈರಿನ ತುದಿ ಕರಿದ ಹಪ್ಪಳದ ಬಣ್ಣಕ್ಕೆ ತಿರುಗಿತ್ತು. ಪ್ಲಾಸ್ಟಿಕ್ಕು ಕರಗಿ ಇಳಿದಿತ್ತು. ಅಪ್ಪ ಚಾಕುವಿನ ತುದಿಯಿಂದ ಸ್ಕ್ರೂ ತಿರುಗಿಸಿದರು. ಅದು ಒಂದೂವರೆ ಸುತ್ತು ತಿರುಗಿತು.

"ಫ್ಯಾಕ್ಟರಿಯಲ್ಲೇ ಟೈಟ್ ಮಾಡಿಲ್ಲ," ಅಂದರು.

ಹೊಗೆ ಅಲಾರಾಂ ಕೂಗಲೇ ಇಲ್ಲ. ಹೊಗೆ ಇನ್ನೂ ಆ ಡಬ್ಬದೊಳಗೇ ಇತ್ತು. ಬ್ರೇಕರ್ ಕೂಡ ಬಿದ್ದಿರಲಿಲ್ಲ. ನನಗೆ ಆವತ್ತು ಅರ್ಥವಾಗದೇ ಇದ್ದದ್ದು ಇದೇ. ವೈರು ಸುಡುತ್ತಿದ್ದರೂ ಬ್ರೇಕರ್ ಯಾಕೆ ಬೀಳಲಿಲ್ಲ? ಅಪ್ಪ ಆ ರಾತ್ರಿ, ಫರ್ನೇಸ್ ಶಬ್ದದ ನಡುವೆ, ಒಂದು ಪೇಪರ್ ಟವೆಲ್ ಮೇಲೆ ಬರೆದು ತೋರಿಸಿದರು.

ಹೀಟರ್ ಮತ್ತು ಪಾಟ್ ಸೇರಿ 2500 ವ್ಯಾಟ್. ಇಲ್ಲಿಯ 120 ವೋಲ್ಟಿಗೆ ಅದು ಸುಮಾರು 21 ಆಂಪ್. ಬ್ರೇಕರ್ ಇರುವುದು 30 ಆಂಪಿಗೆ. ಬ್ರೇಕರ್ ನೋಡುವುದು ಎಷ್ಟು ಕರೆಂಟು ಹರಿಯುತ್ತಿದೆ ಅನ್ನುವುದನ್ನು ಮಾತ್ರ. 21 ಆಂಪ್ ಅದರ ಲೆಕ್ಕದಲ್ಲಿ ಸರಿಯಾಗೇ ಇದೆ. ಆದರೆ ಸ್ಕ್ರೂ ಸಡಿಲ ಇದ್ದ ಕಡೆ ಒಂದು ಓಮಿನ ಹತ್ತನೇ ಒಂದು ಭಾಗ ತಡೆ ಇದೆ ಅಂತಿಟ್ಟುಕೊಳ್ಳಿ. 20 ಆಂಪ್ ಹರಿದರೂ ಆ ಒಂದೇ ಬಿಂದುವಿನಲ್ಲಿ 40 ವ್ಯಾಟ್ ಬಿಸಿ. ರೇಡಿಯೊ ರಿಪೇರಿಯವರು ಇಟ್ಟುಕೊಳ್ಳುವ ಸಾಲ್ಡರಿಂಗ್ ಕಬ್ಬಿಣ ಇರುತ್ತಲ್ಲ, ಹೆಚ್ಚುಕಮ್ಮಿ ಅಷ್ಟು. ಕಾದ ಸಾಲ್ಡರಿಂಗ್ ಕಬ್ಬಿಣ ಒಂದನ್ನು ಹಾಸಿಗೆಯ ಕೆಳಗಿನ ಪ್ಲೈವುಡ್ ಗೂಡಿನಲ್ಲಿ ಇಟ್ಟು, ಅದರ ಮೇಲೆ ಅಪ್ಪ ಕಾಲು ಚಾಚಿ ಕೂತಿದ್ದರು. ಬಿಸಿ ಆದಷ್ಟೂ ಆ ಜೋಡಣೆ ಇನ್ನೂ ಕೆಡುತ್ತದೆ, ಕೆಟ್ಟಷ್ಟೂ ಇನ್ನೂ ಬಿಸಿಯಾಗುತ್ತದೆ.

ಮೀನಿನ ವಾಸನೆ ಸುಮ್ನೆ ಅಮ್ಮನ ಕಲ್ಪನೆ ಆಗಿರಲಿಲ್ಲ. ವೈರು, ಸ್ವಿಚ್ಚುಗಳ ಪ್ಲಾಸ್ಟಿಕ್ಕಿನಲ್ಲಿ ಶಾಖ ತಡೆಯಲು ಬೆರೆಸುವ ಕೆಲವು ರಾಸಾಯನಿಕಗಳು ಕಾದಾಗ ಹಾಗೇ ನಾರುತ್ತವೆ. ಸಸ್ಯಾಹಾರಿ ಮನೆಯವರು, ಮಾಂಸಾಹಾರಿ ಮನೆಯವರು, ಇಬ್ಬರೂ ನೆನಪಿಟ್ಟುಕೊಳ್ಳಿ. ಯಾರೂ ಮೀನು ಮಾಡದೇ ಇರುವಾಗ ಗಾಡಿಯಲ್ಲಿ ಮೀನಿನ ವಾಸನೆ ಬಂದರೆ ಕಿಟಕಿ ಮುಚ್ಚಬೇಡಿ. ಮೇನ್ ಆಫ್ ಮಾಡಿ, ಎಲ್ಲರನ್ನೂ ಕೆಳಗಿಳಿಸಿ. ನಾವು ಮಾಡಿದ ಹಾಗೆ ಒಳಗೇ ನಿಂತು ಹಲಗೆ ಎತ್ತುತ್ತಾ ಕೂರಬೇಡಿ. ನಮ್ಮ ಜೊತೆ ಕೆಇಬಿಯವರೊಬ್ಬರು ಇದ್ದರು, ಆದರೂ ನಾವು ಮಾಡಿದ್ದು ತಪ್ಪೇ.

ಮನೆಗೆ ವಾಪಸ್ ಬಂದು ಮಾಲೀಕರಿಗೆ ವಿಷಯ ಹೇಳಿದಾಗ ಆ ಯಜಮಾನರ ಮುಖ ಬಿಳಿಚಿಕೊಂಡಿತು. ಒಳಗೆ ಹೋಗಿ ಅಡುಗೆಮನೆ ಡ್ರಾಯರಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಒಂದು ಕಟ್ಟು ಕಾಗದ ತಂದರು. ನಡುವೆ ಒಂದು ಲಕೋಟೆ, ಮೇಲೆ ಕೆಂಪು ಪಟ್ಟಿ, ಸುರಕ್ಷತಾ ರೀಕಾಲ್ ಅಂತ ದೊಡ್ಡ ಅಕ್ಷರ. ಒಡೆದೇ ಇರಲಿಲ್ಲ. ಬಂದು 11 ತಿಂಗಳಾಗಿತ್ತು. "ವಾರಂಟಿ ಮಾರುವವರ ಕಾಗದ ಅಂದುಕೊಂಡೆ," ಅಂದರು. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಗಾಡಿ ಇರುವವರಿಗೆ ಗೊತ್ತು, ವಾರಂಟಿ ಮಾರುವವರೂ ಇಂಥದೇ ಬಣ್ಣ ಬಳಿದು, ಕೊನೆಯ ಎಚ್ಚರಿಕೆ ಅಂತ ಹೆದರಿಸಿ ವಾರಕ್ಕೊಂದು ಕಾಗದ ಹಾಕುತ್ತಾರೆ. ತೋಳ ಬಂತು ತೋಳ ಅಂತ ದಿನಾ ಕೂಗಿದರೆ ನಿಜವಾದ ತೋಳ ಬಂದ ದಿನ ಯಾರು ಎದ್ದು ನೋಡುತ್ತಾರೆ?

ಒಳಗಿದ್ದ ಪತ್ರ ಒಂದೇ ಪುಟ. ಟ್ರಾನ್ಸ್‌ಫರ್ ಸ್ವಿಚ್ಚಿನ ವೈರು ಸರಿಯಾಗಿ ಬಿಗಿಯಾಗಿರದೇ ಇರಬಹುದು, ಬೆಂಕಿಯ ಅಪಾಯ, ಡೀಲರ್ ಹತ್ತಿರ ತನ್ನಿ, ಪುಕ್ಕಟೆ ಸರಿ ಮಾಡುತ್ತೇವೆ. ಅಷ್ಟೇ.

ಈಗ ಕಾನೂನಿನ ವಿಷಯ. ಅಮೆರಿಕದಲ್ಲಿ ಗಾಡಿಗಳ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎನ್‌ಎಚ್‌ಟಿಎಸ್‌ಎ. ಇಲ್ಲಿಯವರು ಅದನ್ನು ನಿಟ್ಸಾ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಗಾಡಿಯಲ್ಲಿ ಅಪಾಯದ ದೋಷ ಇದೆ ಅಂತ ತೀರ್ಮಾನವಾದ ಮೇಲೆ ಕಂಪನಿ 5 ಕೆಲಸದ ದಿನಗಳಲ್ಲಿ ನಿಟ್ಸಾಗೆ ತಿಳಿಸಬೇಕು. 60 ದಿನಗಳೊಳಗೆ ಮಾಲೀಕರಿಗೆ ಪತ್ರ ಹಾಕಬೇಕು. ಗಾಡಿ 15 ವರ್ಷ ದಾಟಿರದಿದ್ದರೆ ದುರಸ್ತಿ ಪುಕ್ಕಟೆ. ವ್ಯವಸ್ಥೆ ಕೆಟ್ಟದ್ದೇನಲ್ಲ. ಆದರೆ ಪತ್ರ ಹೋಗುವುದು ಮಾಲೀಕರಿಗೆ. ಒಳಗೆ ಮಲಗುವ ಬಾಡಿಗೆಯವರಿಗೆ ಅದು ಬರುವುದಿಲ್ಲ.

ಬಾಡಿಗೆಯವರನ್ನು ಕಾಯುವ ಕಾನೂನು ಒಂದಿದೆ, ನಿಜ. ಅದರ ಹಿಂದೆ ಇಬ್ಬರು ಅಕ್ಕತಂಗಿಯರ ಸಾವಿದೆ. 2004ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ 24 ವರ್ಷದ ರೇಚಲ್ ಹೌಕ್ ಮತ್ತು 20 ವರ್ಷದ ಜಾಕ್ವೆಲಿನ್ ಹೌಕ್ ಅಪ್ಪ ಅಮ್ಮನನ್ನು ನೋಡಿಕೊಂಡು ಬಾಡಿಗೆ ಕಾರಿನಲ್ಲಿ ವಾಪಸ್ ಹೋಗುತ್ತಿದ್ದರು. ಪವರ್ ಸ್ಟೀರಿಂಗ್ ದ್ರವ ಸೋರಿ ಬೆಂಕಿ ಹತ್ತುವ ದೋಷಕ್ಕೆ ಆ ಮಾದರಿಯ ಕಾರಿನ ಮೇಲೆ ರೀಕಾಲ್ ಇತ್ತು. ಪತ್ರ ಬಾಡಿಗೆ ಕಂಪನಿಗೆ ಸುಮಾರು ಒಂದು ತಿಂಗಳ ಹಿಂದೆಯೇ ಬಂದಿತ್ತು. ಕಾರು ದುರಸ್ತಿಯಾಗಿರಲಿಲ್ಲ. ಹೆದ್ದಾರಿಯಲ್ಲಿ ಬೆಂಕಿ ಹತ್ತಿ, ಹಿಡಿತ ತಪ್ಪಿ, ಕಾರು ಟ್ರಕ್ಕಿಗೆ ಹೊಡೆಯಿತು. ಇಬ್ಬರೂ ಉಳಿಯಲಿಲ್ಲ. ಅವರ ತಾಯಿ ಕ್ಯಾಲಿ ಹೌಕ್ ಬಿಡದೆ ಓಡಾಡಿದರು. 11 ವರ್ಷದ ಮೇಲೆ, 2015ರ ಡಿಸೆಂಬರಿನಲ್ಲಿ, ಮಕ್ಕಳ ಹೆಸರಿನ ಕಾನೂನು ಬಂತು. 2016ರ ಜೂನ್ 1ರಿಂದ ಜಾರಿ. ರೀಕಾಲ್ ಬಾಕಿ ಇರುವ ಗಾಡಿಯನ್ನು ಸರಿ ಮಾಡಿಸದೆ ಬಾಡಿಗೆಗೆ ಕೊಡುವಂತಿಲ್ಲ.

ಇದನ್ನು ಓದಿದಾಗ ನಾನು ಬಚಾವು ಅಂದುಕೊಂಡೆ. ಆಮೇಲೆ ಅದರ ಷರತ್ತು ಓದಿದೆ. ಈ ಕಾನೂನು 35 ಅಥವಾ ಅದಕ್ಕಿಂತ ಜಾಸ್ತಿ ಗಾಡಿ ಇಟ್ಟುಕೊಂಡ ಬಾಡಿಗೆಯವರಿಗೆ ಮಾತ್ರ. ನಮ್ಮ ನಿವೃತ್ತ ದಂಪತಿಗೆ ಇದ್ದದ್ದು ಒಂದೇ ಗಾಡಿ. ಸರಿ, ಒಪ್ಪೋಣ. ಇನ್ನೊಂದು ಷರತ್ತು ನೋಡಿ. ಗಾಡಿಯ ಸ್ವಂತ ತೂಕ, ಸಾಮಾನು, ಜನ ಎಲ್ಲ ಸೇರಿ ಗಾಡಿಗೆ ನಿಗದಿಯಾದ ಒಟ್ಟು ತೂಕದ ಮಿತಿ 10,000 ಪೌಂಡ್ ಅಥವಾ ಕಮ್ಮಿ ಇರಬೇಕು. ಅಂದರೆ ಸುಮಾರು 4,500 ಕೆಜಿ. ನಾವು ಹಿಡಿಯುವ ಕ್ಲಾಸ್ ಸಿ ಗಾಡಿಗಳ ಕೆಳಗೆ ಸಾಮಾನ್ಯವಾಗಿ ಇರುವ ಫೋರ್ಡ್ ಇ-450 ಚಾಸಿಗೆ ಆ ಮಿತಿ 14,500 ಪೌಂಡ್. ಬಸ್ಸಿನ ಹಾಗೆ ಕಾಣುವ ಕ್ಲಾಸ್ ಎ ಅಂತೂ ಇನ್ನೂ ಭಾರ. ಹಾಗಾಗಿ ನೂರಾರು ಮೋಟರ್ ಹೋಮ್ ಇಟ್ಟುಕೊಂಡ ದೊಡ್ಡ ಕಂಪನಿಗೂ ಈ ಕಾನೂನು ಈ ದೊಡ್ಡ ಗಾಡಿಗಳ ಮಟ್ಟಿಗೆ ಲಾಗೂ ಆಗುವುದಿಲ್ಲ. ಸಣ್ಣ ವ್ಯಾನಿನಲ್ಲಿ ಮಾಡಿದ ಕೆಲವು ಕ್ಯಾಂಪರ್‌ಗಳು ಮಾತ್ರ ಒಳಗೆ ಬರುತ್ತವೆ. ಎರಡು ದಿನಕ್ಕೆ ಕಾರು ಹಿಡಿದರೆ ರಕ್ಷಣೆ ಇದೆ. ಅಪ್ಪ ಅಮ್ಮನನ್ನು ಒಳಗೆ ಮಲಗಿಸುವ, ಗ್ಯಾಸ್ ಸಿಲಿಂಡರ್ ಹೊತ್ತ, ಪ್ಲೈವುಡ್ಡು ಫೋಮಿನ ಗಾಡಿಗೆ ಇಲ್ಲ. ಈ ಲೆಕ್ಕ ಯಾವ ನ್ಯಾಯವೋ ನನಗೆ ತಿಳಿಯದು.

ಸರಿ, ನಾವೇ ಹುಡುಕಿಕೊಳ್ಳೋಣ ಅಂದರೆ ಅಲ್ಲೂ ಒಂದು ತೊಡಕು. ನಿಟ್ಸಾ ವೆಬ್‌ಸೈಟಿನಲ್ಲಿ ಗಾಡಿಯ ಗುರುತಿನ 17 ಅಕ್ಷರದ ವಿನ್ ನಂಬರ್ ಹಾಕಿದರೆ ಬಾಕಿ ಇರುವ ರೀಕಾಲ್ ತೋರಿಸುತ್ತದೆ. ನಾನು ನಮ್ಮ ಗಾಡಿಯದು ಹಾಕಿ ನೋಡಿದೆ. ಏನೂ ಇಲ್ಲ ಅಂತ ಬಂತು! ಕೈಯಲ್ಲಿ ರೀಕಾಲ್ ಪತ್ರ ಹಿಡಿದುಕೊಂಡೇ ನೋಡುತ್ತಿದ್ದೆ.

ಕಾರಣ ಇಷ್ಟು. ಮೋಟರ್ ಹೋಮನ್ನು ಒಬ್ಬರೇ ಮಾಡುವುದಿಲ್ಲ. ಎಂಜಿನ್, ಚಕ್ರ, ಸ್ಟೀರಿಂಗ್ ಇರುವ ಚಾಸಿ ಫೋರ್ಡ್ ಥರದ ದೊಡ್ಡ ಕಂಪನಿಯದು. ಅದರ ಮೇಲೆ ಮನೆ ಕಟ್ಟುವವರು ಬೇರೆ. ಆ ಕೆಲಸದ ದೊಡ್ಡ ಪಾಲು ಇಂಡಿಯಾನಾ ರಾಜ್ಯದ ಎಲ್ಕಾರ್ಟ್ ಸುತ್ತಮುತ್ತ ನಡೆಯುತ್ತದೆ. ಆ ಮನೆಯೊಳಗಿನ ಫ್ರಿಜ್ಜು, ಇನ್ವರ್ಟರ್, ಬ್ಯಾಟರಿ, ಟ್ರಾನ್ಸ್‌ಫರ್ ಸ್ವಿಚ್ ಮಾಡಿದವರು ಇನ್ನೂ ಬೇರೆ. ವಿನ್ ನಂಬರಿನಿಂದ ಹುಡುಕುವ ಸೌಲಭ್ಯ ಕೊಡಲೇಬೇಕು ಅನ್ನುವ ಕಡ್ಡಾಯ ಇರುವುದು ದೊಡ್ಡ ಸಂಖ್ಯೆಯಲ್ಲಿ ಕಾರು ಮಾಡುವ ಕಂಪನಿಗಳಿಗೆ. ಮನೆ ಕಟ್ಟುವ ಎಷ್ಟೋ ಕಂಪನಿಗಳ ರೀಕಾಲು ಆ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಕೆಲವು ಸಣ್ಣ ತಯಾರಕರದ್ದು ಇದರಲ್ಲಿ ಕಾಣುವುದಿಲ್ಲ ಅಂತ ಆ ವೆಬ್‌ಸೈಟೇ ಹೇಳುತ್ತದೆ. ಓದುವವರು ಯಾರು?

ಆದ್ದರಿಂದ ಬುಕ್ ಮಾಡುವ ಮೊದಲು ಮಾಲೀಕರ ಹತ್ತಿರ ಡ್ರೈವರ್ ಬಾಗಿಲ ಪಕ್ಕದ ಲೇಬಲ್ಲುಗಳ ಫೋಟೋ ಕೇಳಿ. ನಾಚಿಕೊಳ್ಳಬೇಡಿ, ಮದುವೆಗೆ ಜಾತಕ ಕೇಳುವಾಗ ನಾವು ನಾಚುತ್ತೇವಾ? ಫೋಟೋ ಬಂದ ಮೇಲೆ ವಿನ್ ನಂಬರ್ ಹಾಕಿ ಚಾಸಿಯ ರೀಕಾಲ್ ನೋಡಿ. ಆಮೇಲೆ ಅದೇ ವೆಬ್‌ಸೈಟಿನಲ್ಲಿ ಮನೆ ಕಟ್ಟಿದ ಕಂಪನಿ, ಮಾದರಿ, ವರ್ಷ ಹಾಕಿ ಇನ್ನೊಮ್ಮೆ ಹುಡುಕಿ. ಅಲ್ಲಿ ಬಂದದ್ದು ಈ ಗಾಡಿಗೂ ಸೇರುತ್ತದಾ, ಸರಿ ಮಾಡಿಸಿದ್ದಾರಾ ಅನ್ನುವುದಕ್ಕೆ ಮಾಲೀಕರೇ ಕಂಪನಿಗೆ ಒಂದು ಫೋನ್ ಮಾಡಿ, ಗಾಡಿಯ ನಂಬರ್ ಹೇಳಿ ಖಚಿತ ಮಾಡಿಕೊಳ್ಳಬೇಕು. ದುರಸ್ತಿಯ ರಸೀದಿ ಇದ್ದರೆ ಅದರ ಫೋಟೋ ಸಾಕು. ಒಳಗಿನ ದೊಡ್ಡ ಉಪಕರಣಗಳನ್ನು ಕಂಪನಿಯ ಹೆಸರಿನಿಂದ ಹುಡುಕಿ, ಅದಕ್ಕೆ ಅದೇ ವೆಬ್‌ಸೈಟಿನಲ್ಲಿ ಬೇರೆ ಜಾಗ ಇದೆ. ಹಳೆಯ ಗಾಡಿಯಾದರೆ ಇದನ್ನು ಬಿಡಲೇಬೇಡಿ. 2006ರಲ್ಲಿ ಡೊಮೆಟಿಕ್ ಕಂಪನಿ ಇಂಥ ಗಾಡಿಗಳಲ್ಲಿ ಹಾಕುವ 9 ಲಕ್ಷಕ್ಕೂ ಹೆಚ್ಚು ಫ್ರಿಜ್ಜುಗಳನ್ನು ರೀಕಾಲ್ ಮಾಡಿತ್ತು. ಬಾಯ್ಲರ್ ಟ್ಯೂಬು ಬಿರುಕು ಬಿಟ್ಟು, ಒಳಗಿನ ದ್ರವ ಸೋರಿ ಬೆಂಕಿ ಹತ್ತುವ ಅಪಾಯ ಇತ್ತು. ಕಂಪ್ಯೂಟರ್ ಒಗ್ಗದವರು 888-327-4236ಕ್ಕೆ ಫೋನ್ ಮಾಡಬಹುದು, ಅದು ನಿಟ್ಸಾ ಸಹಾಯವಾಣಿ.

ರೀಕಾಲ್ ಆದಾಗ ಕಂಪನಿ ಕೊಡುವ ವರದಿ ಎಲ್ಲರಿಗೂ ಓದಲು ಸಿಗುತ್ತದೆ. ಒಂದು ಭಾನುವಾರ ಕೂತು ಮೋಟರ್ ಹೋಮುಗಳ ಕರೆಂಟು ದೋಷದ ಒಂದಷ್ಟು ವರದಿ ಓದಿದೆ. ದೊಡ್ಡ ವಿಜ್ಞಾನ ಏನೂ ಇಲ್ಲ. ವೈರು ತಗಡಿನ ಚೂಪು ಅಂಚಿಗೆ ಉಜ್ಜುತ್ತಿದೆ. ಫ್ಯೂಸ್ ಹಾಕುವುದು ಮರೆತಿದ್ದಾರೆ. ಸಣ್ಣ ವೈರಿಗೆ ದೊಡ್ಡ ಫ್ಯೂಸ್ ಹಾಕಿದ್ದಾರೆ. ಸ್ಕ್ರೂ ಬಿಗಿಯಾಗಿಲ್ಲ. ಎಷ್ಟೋ ಕಡೆ ದುರಸ್ತಿ ಅಂದರೆ ನೋಡುವುದು, ಬಿಗಿ ಮಾಡುವುದು, ವೈರಿಗೊಂದು ಕವಚ ಹಾಕುವುದು, ಅಷ್ಟೇ. ಮನೆಯನ್ನೇ ಗಾಡಿಗೆ ಹೂಡಿ ಹೊರಟ ಮೇಲೆ ಮನೆಯ ಸ್ಕ್ರೂ ಗಾಡಿಯ ಕುಲುಕಾಟ ತಡೆಯಬೇಕು. ತಿಪಟೂರಿನ ನಮ್ಮ ಮನೆಯ ಮೀಟರ್ ಬೋರ್ಡಿನ ಸ್ಕ್ರೂಗೆ ಆ ಕಷ್ಟ ಇಲ್ಲ, ಅದು 40 ವರ್ಷದಿಂದ ಇದ್ದಲ್ಲೇ ಇದೆ.

12 ವೋಲ್ಟಿನ ಬಗ್ಗೆ ಒಂದು ಮಾತು. ಗಾಡಿಯ ದೀಪ, ಪಂಪು, ಫ್ಯಾನು ಎಲ್ಲ ಬ್ಯಾಟರಿಯ 12 ವೋಲ್ಟಿನಲ್ಲಿ ನಡೆಯುತ್ತವೆ. ಮುಟ್ಟಿದರೆ ಶಾಕ್ ಹೊಡೆಯಲ್ಲ, ಹಾಗಾಗಿ ಅಪಾಯ ಇಲ್ಲ ಅಂತ ನಮ್ಮವರು ಅಂದುಕೊಳ್ಳುತ್ತಾರೆ. ಶಾಕ್ ಬೇರೆ, ಬೆಂಕಿ ಬೇರೆ. ಬ್ಯಾಟರಿಯ ವೈರು ಉಜ್ಜಿ ಹರಿದು ತಗಡಿಗೆ ತಾಗಿದರೆ ಒಂದೇ ಕ್ಷಣಕ್ಕೆ ನೂರಾರು ಆಂಪ್ ಹರಿಯುತ್ತದೆ. ನಡುವೆ ಫ್ಯೂಸ್ ಇಲ್ಲದಿದ್ದರೆ ವೈರೇ ಒಲೆಯ ಕಾಯಿಲ್ ಆಗುತ್ತದೆ. ಕಂಬದ ಪ್ಲಗ್ ಕಿತ್ತರೂ ಅದು ನಿಲ್ಲುವುದಿಲ್ಲ. ಬ್ಯಾಟರಿ ಕಡಿತಗೊಳಿಸುವ ಸ್ವಿಚ್ ಎಲ್ಲಿದೆ ಅಂತ ಗಾಡಿ ಕೈಗೆ ತಗೊಳ್ಳುವಾಗಲೇ ಕೇಳಿ ನೋಡಿಕೊಳ್ಳಿ. ಟಾಯ್ಲೆಟ್ ಟ್ಯಾಂಕಿನ ಪಾಠಕ್ಕೆ ಅರ್ಧ ಗಂಟೆ ಕೊಡುತ್ತೀರಿ, ಇದಕ್ಕೆ ಎರಡು ನಿಮಿಷ ಸಾಕು.

ಒಂದು ಅಪಾರ್ಥ ಬೇಡ. ರೀಕಾಲ್ ಇದ್ದ ಗಾಡಿ ಕೆಟ್ಟ ಗಾಡಿ ಅಂತ ನಾನು ಹೇಳುತ್ತಿಲ್ಲ. ರೀಕಾಲ್ ಅಂದರೆ ಯಾರೋ ದೋಷ ಕಂಡುಹಿಡಿದು, ಒಪ್ಪಿಕೊಂಡು, ದಾರಿ ಹೇಳಿದ್ದಾರೆ ಅಂತ. ಸರಿ ಮಾಡಿಸಿ ರಸೀದಿ ಇಟ್ಟುಕೊಂಡ ಗಾಡಿ ನನಗೆ ಎಲ್ಲಕ್ಕಿಂತ ಇಷ್ಟ.

ಮೋಟರ್ ಹೋಮ್ ಕೊಂಡು, ಉಳಿದ ದಿನ ಬಾಡಿಗೆಗೆ ಬಿಡುವ ಕನ್ನಡದವರೂ ಈಗ ಇದ್ದಾರೆ. ನಿಮಗೆ ನನ್ನದು ಸ್ವಲ್ಪ ಖಾರದ ಮಾತು. ಕಾನೂನಿನ ಕಡ್ಡಾಯ ಇಲ್ಲ ಅನ್ನುವುದು ನಿಮಗೆ ಉತ್ತರವಾಗಬಾರದು. ಸೆಕೆಂಡ್ ಹ್ಯಾಂಡ್ ತಗೊಂಡಿದ್ದರೆ ರೀಕಾಲ್ ಪತ್ರ ಹಳೆಯ ಮಾಲೀಕರ ವಿಳಾಸಕ್ಕೇ ಹೋಗುತ್ತಿರಬಹುದು. ಮನೆ ಕಟ್ಟಿದ ಕಂಪನಿಗೆ ನಿಮ್ಮ ಹೆಸರು, ವಿಳಾಸ ಬರೆದು ತಿಳಿಸಿ. ಬಾಕಿ ರೀಕಾಲ್ ಇರುವ ಹಳೆಯ ಗಾಡಿ ಮಾರಬಾರದು ಅಂತ ಕೇಂದ್ರದ ಕಾನೂನು ಇಲ್ಲ, ಹಾಗಾಗಿ ಡೀಲರ್ ಹೇಳಿರುತ್ತಾನೆ ಅಂತ ನಂಬಿ ಕೂರಬೇಡಿ. ದುರಸ್ತಿಗೆ ದಿನ ಸಿಗುವುದು ಕಷ್ಟ, ಗೊತ್ತು. ಚಾಸಿಯ ಕೆಲಸಕ್ಕೆ ಒಂದು ಕಡೆ, ಮನೆಯ ಕೆಲಸಕ್ಕೆ ಇನ್ನೊಂದು ಕಡೆ. ಕೆಲವು ಕಾರ್ ಡೀಲರುಗಳ ಬಾಗಿಲಲ್ಲಿ ಈ ಗಾಡಿ ಹಿಡಿಸುವುದೇ ಇಲ್ಲ. ಚಳಿಗಾಲದಲ್ಲಿ ಗಾಡಿ ಸುಮ್ನೆ ನಿಂತಿರುತ್ತಲ್ಲ, ಆಗಲೇ ದಿನ ಬುಕ್ ಮಾಡಿ.

ಇನ್ನು ವಾಷಿಂಗ್ಟನ್ನಿನವರಿಗೆ. ಅಲ್ಲಿಗೆ ನಾನು ಇಂಗ್ಲಿಷಿನಲ್ಲಿ ಬೇರೆ ಬರೆದಿದ್ದೇನೆ. ಕೇಳಿದ್ದು ಎರಡು. ಹೌಕ್ ಸೋದರಿಯರ ಹೆಸರಿನ ಕಾನೂನಿನಿಂದ ಆ 10,000 ಪೌಂಡಿನ ಮಿತಿ ತೆಗೆಯಿರಿ, ಕೊನೆಗೆ ಮೋಟರ್ ಹೋಮುಗಳಿಗಾದರೂ. ಮನೆ ಕಟ್ಟುವ ಕಂಪನಿಗಳ ರೀಕಾಲುಗಳೂ ವಿನ್ ನಂಬರಿಗೆ ಸಿಗುವ ಹಾಗೆ ಮಾಡಿ. ನಿಮ್ಮಲ್ಲಿ ವೋಟಿರುವವರು ನಿಮ್ಮ ಪ್ರತಿನಿಧಿಗೆ ಒಂದು ಸಾಲು ಬರೆದರೆ ನನ್ನ ಪತ್ರಕ್ಕಿಂತ ಜಾಸ್ತಿ ತೂಕ. ವೋಟಿಲ್ಲದವರೂ ಮಾಡಬಹುದಾದದ್ದು ಒಂದಿದೆ. ಬಾಡಿಗೆ ಗಾಡಿಯಲ್ಲಿ ವೈರು ಸುಟ್ಟರೆ, ಪ್ಲಗ್ ಮುಟ್ಟಲಾಗದಷ್ಟು ಕಾದರೆ, ನಿಟ್ಸಾ ವೆಬ್‌ಸೈಟಿನಲ್ಲಿ ದೂರು ಕೊಡಿ. ಮಾಲೀಕರೇ ಆಗಿರಬೇಕಿಲ್ಲ. ನಾನು ಸುಟ್ಟ ವೈರಿನ ಫೋಟೋ ಸಮೇತ ಕೊಟ್ಟೆ. ಅಪ್ಪ ಬರೆದ ಪೇಪರ್ ಟವೆಲ್ ಫೋಟೋ ಕೂಡ ಸೇರಿಸಿದೆ.

ಅಪ್ಪ ಅಮ್ಮ ಈ ಜೂನಿಗೆ ಮತ್ತೆ ಬರುತ್ತಿದ್ದಾರೆ. ಟೆಸ್ಟರ್ ಸ್ಕ್ರೂಡ್ರೈವರ್ ಯಾವ ಬ್ಯಾಗಿಗೆ ಹಾಕಬೇಕು, ಕೈಚೀಲಕ್ಕೋ ಚೆಕ್-ಇನ್‌ಗೋ ಅಂತ ಅಪ್ಪ ಈಗಲೇ ಎರಡು ಸಲ ಫೋನ್ ಮಾಡಿ ಕೇಳಿದ್ದಾರೆ.

ಇಂತಿ ನಿಮ್ಮವನೇ ಆದ,
ಕೊಲರಾಡೊದಲ್ಲಿರುವ ಒಬ್ಬ ತಿಪಟೂರಿನವನು

ಮರೆತಿದ್ದೆ: ಮಲಗುವ ಕಡೆ ಕೆಂಪು ಹಿಡಿ ಇರುವ ಒಂದು ಕಿಟಕಿ ಇರುತ್ತದೆ. ಬೆಂಕಿ ಬಿದ್ದರೆ ಅದನ್ನು ತಳ್ಳಿ ಹೊರಗೆ ಬರಬೇಕು. ಗಾಡಿ ಹೊರಡಿಸುವ ಮೊದಲು ಮನೆ ಮುಂದೆಯೇ ಅದನ್ನು ಒಂದು ಸಲ ತೆಗೆದು ನೋಡಿ. ನಮ್ಮದರ ರಬ್ಬರ್ ಅಂಟಿಕೊಂಡುಬಿಟ್ಟಿತ್ತು. ವಾಪಸ್ ಬಂದ ದಿನ ಪರೀಕ್ಷೆ ಮಾಡೋಣ ಅಂತ ಹಿಡಿ ತಿರುಗಿಸಿದರೆ ಕಿಟಕಿ ಅಲುಗಲೇ ಇಲ್ಲ. ಅಪ್ಪ ಮಂಚದ ಮೇಲೆ ಮಲಗಿ ಎರಡೂ ಕಾಲಲ್ಲಿ ಒದ್ದ ಮೇಲೆ ತೆರೆಯಿತು.